ಬೇವಿನ ಬಾಗದ ಜೋಕಾಲಿಗೆ ಜಾಮೀನು ನಿಂತವರು

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ವಿಜಾಪುರದ ಸೊಲ್ಲಾಪುರ ರಸ್ತೆಯ ಮಗ್ಗುಲಿಗಿರುವ ಊರ ತೋಟ, ಬೇವಿನ ಬಾಗದಲ್ಲಿ ಅರವತ್ತೆರಡು ವರ್ಷದ ಮುದುಕರೊಬ್ಬರು ಜೋಕಾಲಿ ಜೀಕುತ್ತಿದ್ದಾರೆ. ತೊಡೆಯ ಮೇಲೊಂದು ಮರಳಿನ ಚೀಲ, ಬೆನ್ನಿಗೆ ಕಟ್ಟಿಕೊಂಡದ್ದು ಇನ್ನೊಂದು. ಕಂಡವರು ಅರಳುಮರಳು ಎಂದಾರು. ಆದರೆ ಗುಡುಸಾಬರ ಕಣ್ಣಿರುವುದು ಮೇಲೆ, ಹಗ್ಗ ಕೊಂಬೆಗೆ ತಿಕ್ಕುವ ಜಾಗದಲ್ಲಿ. ನೂರು ಸಲ ಜೀಕಿ ಇಳಿದು, ಮರ ಹತ್ತಿ, ಎಳೆ ಎಳೆಯನ್ನೂ ಬೆರಳಿನಿಂದ ಸವರಿ ನೋಡುತ್ತಾರೆ.

"ಇವತ್ತ ನಾಗರ ಪಂಚಮಿ ನೋಡ್ರಿ. ಗಂಡನ ಮನಿಯಿಂದ ಬಂದ ಹೆಣ್ಮಕ್ಕಳು ವರ್ಷಕ್ಕೊಮ್ಮಿ ನೆಲಾ ಬಿಟ್ಟು ಮ್ಯಾಲ ಹೋಗ್ತಾರ. ಹಗ್ಗ ಕೈ ಕೊಡಬಾರದು."

ಅರಕೇರಿಯ ಗುಡುಸಾಬರು ಈ ಬಾಗದ ಮಾಲಿಯಾಗಿ ಇಪ್ಪತ್ತಾರು ವರ್ಷವಾಯಿತು. ನಡುವಿನ ಹಳೆಯ ಬೇವೊಂದನ್ನು ಬಿಟ್ಟರೆ ಉಳಿದ ನಲವತ್ತಮೂರು ಮರಗಳೂ ಅವರ ಕೈಯಿಂದಲೇ ನೆಲ ಕಂಡವು. ದಿನಾ ಬೆಳಗ್ಗೆ ಅರವತ್ತು ಕೊಡ ನೀರು ಸೇದುತ್ತಾರೆ. ಬಾವಿಯ ರಾಟೆ, ಆ ಗಡಗಡಿ, ಮುರಿದು ಮೂರು ವರ್ಷವಾಗಿದ್ದರಿಂದ ಬರಿಗೈಯಲ್ಲೇ ಜಗ್ಗಬೇಕು. ಅವರ ಬೆರಳುಗಳು ಈಗ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಬಾಗವನ್ನು ನೋಡಿಕೊಳ್ಳಲೆಂದೇ ನಾಲ್ಕು ಜನ ದೊಡ್ಡ ಮನುಷ್ಯರ ಕಮಿಟಿ ಇದೆ. ಬಾಗಕ್ಕೆಂದು ಎತ್ತಿಟ್ಟ ದುಡ್ಡನ್ನು ವರ್ಷಾ ವರ್ಷಾ ಬಿಳಿ ಸಾಹೇಬರ ಟೆನಿಸ್ ಅಂಗಳಕ್ಕೆ ಸುರಿಯುವುದೇ ಅದರ ಕೆಲಸ. ಗಡಗಡಿ ಕೇಳಿದರೆ "ಯುದ್ಧಕಾಲ" ಎನ್ನುತ್ತಾರೆ. ಮುರಿದ ಬೆಂಚು ತೋರಿಸಿದರೂ ಅದೇ ಉತ್ತರ. ಈ ಯುದ್ಧ ಬಾವಿಕಟ್ಟೆಯವರೆಗೆ ಬರುತ್ತದೆ, ಮಕ್ಕಳು ಆಡುವ ಜಾಗಕ್ಕೆ ಬರುತ್ತದೆ, ಟೆನಿಸ್ ಅಂಗಳದ ದಾರಿ ಮಾತ್ರ ಅದಕ್ಕೆ ಗೊತ್ತಿಲ್ಲವೇನೋ. ಹೋದ ವರ್ಷ ಪಂಚಮಿ ಎದುರಿಗಿರುವಾಗಲೇ ಯುದ್ಧಕ್ಕೆ ಕಬ್ಬಿಣ ಬೇಕೆಂದು ಜೋಕಾಲಿಯ ಸರಪಳಿಗಳನ್ನೂ ಬಿಚ್ಚಿಕೊಂಡು ಹೋದರು. ಬದಲಿಗೆ ಹಗ್ಗ ಕೊಡುವ ಮಾತಾಗಿತ್ತು, ಅದು ಮಾತಾಗಿಯೇ ಉಳಿಯಿತು.

"ಅವತ್ತ ಹೆಣ್ಮಕ್ಕಳು ಅಳ್ಳು, ಉಂಡಿ ಕಟ್ಟಿಕೊಂಡು ಬಂದ್ರು. ಗಿಡದ ಬುಡಕ ಸುಮ್ಮ ನಿಂತು ಹೊಳ್ಳಿ ಹ್ವಾದ್ರು. ನಂಗ ಅವತ್ತ ರೊಟ್ಟಿ ಇಳಿಲಿಲ್ರಿ."

ಚಳಿಗಾಲದಲ್ಲಿ ಅವರು ಕಾಖಂಡಕಿಗೆ ನಡೆದು ಹೋದರು. ಅಲ್ಲಿನ ರೈತ ಅಮರಪ್ಪ ಹೊಲದ ಬದುವಿನ ಪುಂಡಿ ಗಿಡಗಳನ್ನು ಪುಕ್ಕಟೆ ಕೊಟ್ಟರು. ಅವನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ ತಂದು, ಹೆಂಡತಿ ಜುಲೇಖಾ ಜೊತೆ ಕೂತು ನಾಲ್ಕು ತಿಂಗಳು ಹೊಸೆದರು. ಬಿಚ್ಚಲಾರದ ಬೆರಳುಗಳಿಂದ ಹೊಸೆದ ಹಗ್ಗ ಇದು.

ಇಷ್ಟಾದ ಮೇಲೆ ಕಮಿಟಿಗೆ ಎಚ್ಚರವಾಯಿತು. ಹಗ್ಗ ಹರಿದು ಯಾರಾದರೂ ಬಿದ್ದರೆ ಹೊಣೆ ಯಾರದು? ಪ್ರತಿಷ್ಠಿತರೊಬ್ಬರು ಜಾಮೀನು ನಿಂತರೆ ಮಾತ್ರ ಜೋಕಾಲಿ ಕಟ್ಟಬಹುದೆಂದು ಚೀಟಿ ಬಂತು. ಗುಡುಸಾಬರು ಅದನ್ನು ಹಿಡಿದು ಎಂಟು ದಿನ ಅಲೆದರು. ಸಂಜೆಯಾದರೆ ಇದೇ ಬೇವಿನ ಗಾಳಿಗೆ ಬಂದು ಕೂರುವ ವ್ಯಾಪಾರಿಗಳು, ವಕೀಲರು, ಎಲ್ಲರೂ "ನೋಡೋಣು" ಎಂದರೇ ಹೊರತು ಒಬ್ಬರೂ ಸಹಿ ಹಾಕಲಿಲ್ಲ. ನಾಚಿಕೆಯಾಗಬೇಕು ಈ ಊರಿಗೆ. ಕೊನೆಗೆ ಗುಡುಸಾಬರೇ ಹೆಬ್ಬೆಟ್ಟು ಒತ್ತಿದರು. ಹಗ್ಗ ಹರಿದರೆ ಅವರ ನೌಕರಿ ಹೋಗುತ್ತದೆ, ಬಾಗದ ಮೂಲೆಯಲ್ಲಿ ಗಂಡಹೆಂಡತಿ ವಾಸವಿರುವ ಖೋಲಿಯನ್ನು ಅಂದೇ ಖಾಲಿ ಮಾಡಬೇಕು. ಪ್ರತಿಷ್ಠೆ ಸಾಲದ ಮನುಷ್ಯನ ಜಾಮೀನು ಹೇಗೆ ನಡೆಯಿತೆಂದು ಕೇಳಬೇಡಿ. ಕಳೆದುಕೊಳ್ಳುವವನು ಅವನೊಬ್ಬನೇ ಆದರೆ ಕಮಿಟಿಗೆ ಎಲ್ಲ ನಡೆಯುತ್ತದೆ.

"ಹೆಬ್ಬೆಟ್ಟ ಒತ್ತೂ ಮುಂದ ನನ್ನ ಒಂದ ಮಾತ ಕೇಳಲಿಲ್ಲ," ಎನ್ನುತ್ತಾರೆ ಜುಲೇಖಾ. "ಕೇಳಿದ್ರ ನಾನೂ ಒತ್ತತಿದ್ನಿ."

ಹತ್ತು ಗಂಟೆಯ ಹೊತ್ತಿಗೆ ಹೆಂಗಸರ ಸಾಲು ಬಾಗಿಲು ಮುಟ್ಟುತ್ತದೆ. ಬಬಲೇಶ್ವರದ ಗಂಡನ ಮನೆಯಿಂದ ತವರಿಗೆ ಬಂದ ರಾಚವ್ವ ಮೊದಲು ಹಲಗೆ ಹತ್ತುತ್ತಾಳೆ. "ಕಾಕಾ, ಹರಿಯೂದಿಲ್ಲಲ್ಲ?"

"ನೀ ಜೀಕು ಬೇ. ಅಂಜೂ ಕೆಲಸ ನನಗ ಬಿಡು."

ಅವಳ ಸೆರಗು ಗಾಳಿ ತುಂಬಿಕೊಂಡು ಕೊಂಬೆಯ ಎತ್ತರಕ್ಕೆ ಹೋಗುತ್ತದೆ. ಕೆಳಗಿದ್ದವರು ಕೇಕೆ ಹಾಕುತ್ತಾರೆ. ಗುಡುಸಾಬರು ಮಾತ್ರ ಕಾಂಡಕ್ಕೆ ಅಂಗೈ ಊರಿ, ಮೇಲಿನ ಗಂಟನ್ನೇ ನೋಡುತ್ತಾರೆ. ಒಬ್ಬೊಬ್ಬರು ಇಳಿದಾಗಲೂ ಒಂದು ಉಸಿರು ಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜೀಕಿ ಇಳಿದವರ ಎಣಿಕೆ ನೂರು ದಾಟಿದೆ. ಅವರು ಇನ್ನೂ ಒಂದು ಗುಟುಕು ನೀರು ಕುಡಿದಿಲ್ಲ.

ಆಗ ಕಮಿಟಿಯ ಜವಾನ ಈರಯ್ಯ ತಲೆ ತಗ್ಗಿಸಿಕೊಂಡು ಬರುತ್ತಾನೆ. ಕೈಯಲ್ಲಿ ಮತ್ತೊಂದು ಚೀಟಿ. ಹಗ್ಗ ಗಟ್ಟಿ ಇದೆಯೆಂದು ಕಮಿಟಿಗೆ ತಿಳಿದುಬಂದಿದೆಯಂತೆ. ನಾಳೆ ಟೆನಿಸ್ ಅಂಗಳದಲ್ಲಿ ಸಾಹೇಬರ ಚಹಾಕೂಟವಿದೆ, ಶಾಮಿಯಾನ ಕಟ್ಟಬೇಕು, ಕೂಡಲೇ ಬಿಚ್ಚಿ ಕೊಡತಕ್ಕದ್ದು. ಜಾಮೀನಿಗೆ ಒಬ್ಬರೂ ಸಿಗದಿದ್ದ ಹಗ್ಗಕ್ಕೆ ಈಗ ಎಷ್ಟು ಬೇಗ ಒಡೆಯರು ಹುಟ್ಟಿಕೊಂಡರು ನೋಡಿ. ಈರಯ್ಯ ಓದಿ ಮುಗಿಸಿ ಚೀಟಿ ಮಡಚುತ್ತಾನೆ.

ಗುಡುಸಾಬರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಗಂಟಿನಿಂದ ಕಣ್ಣು ತೆಗೆಯುವುದಿಲ್ಲ.

"ಹಗ್ಗ ಖಾಲಿ ಇಲ್ಲಂತ ಹೇಳಪಾ ಈರಯ್ಯಾ. ಇನ್ನಾ ನಲವತ್ತ ಮಂದಿ ಹೆಣ್ಮಕ್ಕಳು ಪಾಳಿ ಹಚ್ಯಾರ."

ಆಮೇಲೆ ಸಾಲಿನ ಕಡೆ ತಿರುಗಿ ಕೇಳುತ್ತಾರೆ: "ಯಾರದ ಬೇ ಪಾಳಿ? ಬಾ ತಂಗಿ, ಗಟ್ಟ್ಯಾಗಿ ಹಿಡಕೋ."