ಪ್ಲಗ್ಗಿಗೆ ಹಚ್ಚಿದ ವಿಭೂತಿ

ನಮ್ಮಪ್ಪನಿಗೆ ಕಾರು ರಿಪೇರಿ ಬರುತ್ತಿರಲಿಲ್ಲ. ಇದು ಹೊಳಲ್ಕೆರೆಗೆಲ್ಲ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು. ಎಪ್ಪತ್ತರ ದಶಕದ ಮಾತು. ಶೇಂಗಾ ವ್ಯಾಪಾರದ ಅಪ್ಪ ಯಾರೋ ಓಡಿಸಿ ಸಾಕಾಗಿ ಮಾರಿದ ಕಾರೊಂದನ್ನು ಮನೆಗೆ ತಂದು, ಚಿತ್ರದುರ್ಗದ ಮೆಕ್ಯಾನಿಕ್ಕುಗಳ ಮೇಲೆ ಜಿದ್ದು ಸಾಧಿಸುತ್ತಿದ್ದರು. "ಸರಿ ಇರೋದನ್ನೂ ಕೆಡಿಸ್ತಾರೆ" ಅನ್ನೋರು. ಕೆಡಿಸುವ ಕೆಲಸ ಮನೆಯಲ್ಲೇ ಇಷ್ಟು ಚೆನ್ನಾಗಿ ನಡೆಯುವಾಗ ದುರ್ಗದ ತನಕ ಯಾಕೆ ಹೋಗಬೇಕು ಹೇಳಿ! ಐಮಂಗಲದ ಹತ್ತಿರ ಕುರಿ ಕಾಯೋರು ಕುರಿ ಬಿಟ್ಟು ಬಂದು ನಮ್ಮ ಕಾರು ತಳ್ಳಿದ್ದಾರೆ.

ಬಾನೆಟ್ ಎತ್ತಿದರೆ ಸ್ಪ್ಯಾನರ್ ಕೊಡಲು ನಾನು ಪಕ್ಕದಲ್ಲಿರಬೇಕು. ಕೊಟ್ಟೂ ಕೊಟ್ಟೂ ಆ ಎಂಜಿನ್ನಿನ ರೋಗಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. "ನಾಕನೇ ಪ್ಲಗ್ ನೋಡಿ ಅಪ್ಪಾಜಿ" ಅಂದರೆ "ಸುಮ್ನಿರವ್ವ" ಅಂತ ಮೊದಲು ಉಳಿದ ಮೂರು ಬಿಚ್ಚೋರು. ಮೈ ಉರಿಯುತ್ತಿತ್ತು.

ಆ ವರ್ಷ ದಸರಾ ಮುಗಿದ ಮಾರನೇ ದಿನವೇ ಹೊಸದುರ್ಗದ ಶಾಲೆಯೊಂದರಲ್ಲಿ ನನಗೆ ಮೇಡಂ ಕೆಲಸದ ಸಂದರ್ಶನ, ಬೆಳಗ್ಗೆ ಹನ್ನೊಂದಕ್ಕೆ. ಇದು ತಪ್ಪಿದರೆ ದೀಪಾವಳಿ ಕಳೆದ ಮೇಲೆ ಗಂಡು ನೋಡೋದು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಬೆಳಗಿನ ಬಸ್ಸಿಗೆ ಹೋಗ್ತೀನಿ ಅಂದೆ. "ಮನೇಲಿ ಕಾರಿಟ್ಕಂಡು ಬಸ್ಸಿಗೆ ಹೋಗಾದಾ?" ಅಂತ ಅಪ್ಪ ಗದರಿದರು. ಬಸ್ಸು ಹೋಯಿತು. ಕಾರು ಚಾಲೂ ಆಗಲಿಲ್ಲ.

ಅಪ್ಪ ಪಂಚೆ ಮೇಲೆ ಕಟ್ಟಿದರು. ಹಾರನ್ ಒತ್ತಿ ನೋಡಿದರು, ಬೀದಿಯೆಲ್ಲ ಎದ್ದಿತು. ಬ್ಯಾಟರಿ ಸರಿ ಇತ್ತು. ಪೆಟ್ರೋಲ್ ಬರುತ್ತದೋ ಇಲ್ಲವೋ ಅಂತ ಪೈಪ್ ಬಿಚ್ಚಿ ಪಂಪ್ ಒತ್ತಿದರು. ಚಿಮ್ಮಿದ್ದು ನೇರ ಮುಖಕ್ಕೇ ಬಂತು. ಕಾರ್ಬುರೇಟರಿನ ಜೆಟ್ ಬಿಚ್ಚಿ ಬಾಯಲ್ಲಿ ಊದಿ, ಥೂ ಥೂ ಅಂತ ಉಗಿದರು. ಮುಂದೆ ಹ್ಯಾಂಡಲ್ ಹಾಕಿ ತಿರುವಿ ತಿರುವಿ ಸುಸ್ತಾಗಿ ಕಟ್ಟೆ ಮೇಲೆ ಕೂತರು. ಒಂಬತ್ತೂವರೆ ಆಗಿತ್ತು.

ನನಗೆ ಅಳುವೇ ಬಂತು. ಅತ್ತರೆ ಕಾರು ಹೊರಡುತ್ತದಾ? ಇಸ್ತ್ರಿ ಮಾಡಿದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ಲಗ್ಗಿನ ವೈರೊಂದನ್ನು ಕಿತ್ತು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದು "ಈಗ ತಿರುವಿ ಅಪ್ಪಾಜಿ" ಅಂದೆ. ಚಟಚಟ ಅಂತ ಕಿಡಿ ಹಾರಿತು.

"ಕಿಡಿ ಇಲ್ಲೀ ತನಕ ಬರ್ತೈತೆ. ಕೆಟ್ಟಿರೋದು ಪ್ಲಗ್ಗೇ."

"ಪ್ಲಗ್ ಕೆಡಕ್ಕೆ ಸಾಧ್ಯನೇ ಇಲ್ಲ. ಆಯುಧಪೂಜೆಗೆ ನಾನೇ ಬಿಚ್ಚಿ ತೊಳ್ದು ಹಾಕೀನಿ."

ಆಗ ನನಗೆ ಅನುಮಾನ ಗಟ್ಟಿಯಾಯಿತು. ಬಿಚ್ಚಿದೆ. ಅಯ್ಯೋ ಶಿವನೇ! ನಾಲ್ಕೂ ಪ್ಲಗ್ಗಿನ ಬಿಳಿ ಪಿಂಗಾಣಿ ಕತ್ತಿಗೆ ಮೂರು ಮೂರು ಎಳೆ ವಿಭೂತಿ. ಅಷ್ಟಕ್ಕೇ ಬಿಟ್ಟಿದ್ದರೂ ಚಿಂತೆಯಿರಲಿಲ್ಲ, ಕಿಡಿ ಹಾರುವ ಸಂದಿಯೊಳಗೂ ಭಕ್ತಿಯಿಂದ ಮೆತ್ತಿದ್ದರು, ಈಗ ಅದು ಪೆಟ್ರೋಲಲ್ಲಿ ನೆನೆದು ಮುದ್ದೆಯಾಗಿತ್ತು. ಒರೆಸಲು ಹೋದರೆ ಅಪ್ಪ ಕೈ ಹಿಡಿದರು. "ಪೂಜೆ ವಿಭೂತಿ ಒರೆಸ್ತಾರೇನೆ? ಅವ್ವನ್ನ ಕೇಳಾಣ ತಡಿ." ಅವರ ಅವ್ವ, ಅಂದರೆ ನಮ್ಮಜ್ಜಿ, ಒಳಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ಪೂಜೆ ಮುಗಿಯುವ ತನಕ ಮನೆಗೆ ಬೆಂಕಿ ಬಿದ್ದರೂ ಮಾತಾಡೋರಲ್ಲ. ಇಬ್ಬರೂ ಬಾಗಿಲಲ್ಲಿ ನಿಂತೆವು. ನಾನು ಗಡಿಯಾರ ನೋಡೋದು, ಅಪ್ಪ ನನ್ನ ಮುಖ ನೋಡೋದು.

ಅಜ್ಜಿ ಎದ್ದು ಬಂದು ಪ್ಲಗ್ ನೋಡಿದರು. "ಲೇ, ಗಾಡಿ ಹಣೆಗೆ ಹಚ್ಚು ಅಂದ್ರೆ ಗಂಟಲಿಗೂ ತುರುಕಿದ್ಯೇನಲೇ? ಒರೆಸ್ರಿ, ಹುಡುಗಿಗೆ ಹೊತ್ತಾಗ್ತೈತೆ." ತಾವೇ ರೊಟ್ಟಿ ಹಂಚನ್ನು ಒಲೆ ಮೇಲಿಟ್ಟರು. ನಾನು ಬ್ರಷ್ಷಿನಿಂದ ಉಜ್ಜಿ ಕೊಟ್ಟ ನಾಲ್ಕೂ ಪ್ಲಗ್ಗನ್ನು ಹಂಚಿನ ಮೇಲೆ ರೊಟ್ಟಿಯ ಹಾಗೆ ಮಗುಚಿ ಮಗುಚಿ ಒಣಗಿಸಿದರು. ಹಾಕಿ ಒಂದೇ ಸಲ ತಿರುವಿದ್ದು, ಕಾರು ಗುರ್ ಅಂತು.

ದಾರಿಯುದ್ದಕ್ಕೂ ನನ್ನ ಸಿಟ್ಟು ಇಳಿಯಲಿಲ್ಲ. ಶಾಲೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಪುಣ್ಯಕ್ಕೆ ನನ್ನ ಸರದಿ ಇನ್ನೂ ಬಂದಿರಲಿಲ್ಲ. ಉಗುರಲ್ಲಿ ಮಸಿ ಇಟ್ಟುಕೊಂಡೇ ಒಳಗೆ ಹೋದೆ, ಕೈ ಮೇಜಿನ ಕೆಳಗೆ ಮುಚ್ಚಿಟ್ಟು ಉತ್ತರ ಹೇಳಿದೆ. ಸೋಮವಾರದಿಂದಲೇ ಬನ್ನಿ ಅಂದರು.

ಹೊರಗೆ ಬಂದರೆ ಒಂದು ಗಂಟೆ. ಬೇವಿನ ಮರದ ಕೆಳಗೆ ನಮ್ಮ ಕಾರು ಇನ್ನೂ ಗುರ್ ಅನ್ನುತ್ತಾ ನಿಂತಿದೆ! ಅಪ್ಪ ಕೊಡ ಹಿಡಿದು ರೇಡಿಯೇಟರಿಗೆ ನೀರು ಹಾಕುತ್ತಿದ್ದಾರೆ, ಬೆವರು ಕಿತ್ತುಕೊಂಡಿದೆ.

"ಅಪ್ಪಾಜಿ, ಎರಡು ತಾಸಿಂದ ಬಂದ್ ಮಾಡಿಲ್ವಾ?"

"ಬಂದ್ ಮಾಡಿದ್ರೆ ಮತ್ತೆ ಚಾಲೂ ಮಾಡೋರು ಯಾರವ್ವ? ನೀನು ಒಳಗಿದ್ದೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಕೆಲಸ ಸಿಕ್ಕಿತು ಅಂದೆ. ಅಪ್ಪ ಕೊಡ ಕೆಳಗಿಟ್ಟರು, ಪಂಚೆಗೆ ಕೈ ಒರೆಸಿಕೊಂಡರು, ಒಳಗೆ ಬಗ್ಗಿ ಎಂಜಿನ್ ಬಂದ್ ಮಾಡಿದರು.

"ಹಂಗಾದ್ರೆ ಈಗ ನೀನು ಸುಮ್ನೆ ನಿಂತ್ಕಂಡು ನೋಡ್ತಿರು," ಅಂದರು. "ನಾನೊಬ್ನೇ ಚಾಲೂ ಮಾಡೋದು ಕಲ್ತ್ಕಬೇಕು."