ಬೆಲ್ಲ ಒತ್ತಿ ನೋಡುವ ಬೆರಳು

ಬೆಲ್ಲದ ಅಚ್ಚು ಕಂಡರೆ ಹೆಬ್ಬೆರಳಿನಿಂದ ಒತ್ತಿ ನೋಡುವ ಚಾಳಿ ನನಗಿದೆ. ಚಾಮರಾಜಪೇಟೆಯ ಅಂಗಡಿಯವರು ಇದಕ್ಕಾಗಿ ಗದರಿದ್ದಾರೆ. ಯಾರು, ಯಾವ ವಾರ ಎಂಬುದು ನನ್ನ ದಿನಚರಿಯಲ್ಲಿದೆ. ಚಾಳಿ ಅಪ್ಪನಿಂದ ಬಂದದ್ದು. ಅವರು ತರಗುಪೇಟೆಯಲ್ಲಿ ಬೆಲ್ಲದ ದಲ್ಲಾಳಿ. ಅಚ್ಚನ್ನು ಒತ್ತಿ, ಮೂಲೆ ಮುರಿದು, ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರೆ ದರ ನಿಗದಿಯಾದಂತೆ. ದಿನದ ಅತ್ಯುತ್ತಮ ಚೂರು ಸಂಜೆ ಕಾಗದದ ಪೊಟ್ಟಣದಲ್ಲಿ ನನಗೆ ಬರುತ್ತಿತ್ತು.

ಹೋದ ವರ್ಷ ಕಾರ್ತಿಕದಲ್ಲಿ ಡಾಕ್ಟರು ಅಪ್ಪನ ಲಿವರಿನಲ್ಲಿ ಕೊಬ್ಬು ಸೇರಿದೆ, ಸಿಹಿ ಬಿಡಬೇಕು ಎಂದರು. ನಮ್ಮ ಬೀದಿಯಲ್ಲಿ ಲಿವರಿನ ಕಾಯಿಲೆ ಎಂದರೆ ಕುಡಿತ ಎಂದೇ ಲೆಕ್ಕ. ಕಾಫಿಗಿಂತ ಕಟುವಾದದ್ದನ್ನು ಮುಟ್ಟದ ಗಂಡನ ಮಾನ ಉಳಿಸಲು ಅಮ್ಮ ಕಾಮಾಲೆ ಎಂದು ಸಾರಿದಳು. ಮರುದಿನದಿಂದಲೇ ಕಾಮಾಲೆಗೆ ಒಳ್ಳೆಯದೆಂದು ಮನೆಮನೆಯಿಂದ ಕಬ್ಬಿನ ಹಾಲು, ಗ್ಲೂಕೋಸ್ ಡಬ್ಬಿ. ಬೆಲ್ಲ ಬಿಟ್ಟವರನ್ನು ಹುಡುಕಿಕೊಂಡು ಬೆಲ್ಲದ ತಾಯಿಯೇ ಬಂದಂತಾಯಿತು. ಅಪ್ಪನಿಗೆ ಕೊಡುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. ಅಮ್ಮ ಎಲ್ಲವನ್ನೂ ನನಗೆ ಕುಡಿಸಿದಳು. ಆ ತಿಂಗಳು ನನ್ನ ಲಂಗಗಳೆಲ್ಲ ಬಿಗಿಯಾದವು.

ಮೊದಲಿನ ಡಾಕ್ಟರು ಕಳಿಸಿಕೊಟ್ಟ ಬಸವನಗುಡಿಯ ದೊಡ್ಡ ಡಾಕ್ಟರು ವಯಸ್ಸು, ತೂಕ, ರಕ್ತದ ಸಕ್ಕರೆ ಎಲ್ಲ ಕೇಳಿ ಬರೆದುಕೊಂಡರು. ನನ್ನ ಹಾಗೆ ಪಟ್ಟಿ ಮಾಡುವವರೆಂದು ನನಗೆ ಧೈರ್ಯ ಬಂತು. ಆಮೇಲೆ ಅಪ್ಪನನ್ನು ಮಲಗಿಸಿ, ಬಲಪಕ್ಕೆಯ ಕೆಳಗೆ ಬೆರಳೂರಿ ಉಸಿರೆಳೆಯಲು ಹೇಳಿದರು. ಅಪ್ಪ ಅಚ್ಚು ಒತ್ತುವುದು ಥೇಟ್ ಹಾಗೆಯೇ.

"ಗಟ್ಟಿ ಇದೆಯಾ ಡಾಕ್ಟ್ರೇ?" ಅಪ್ಪನ ದನಿಯಲ್ಲಿ ಆಸೆಯಿತ್ತು.

"ಸ್ವಲ್ಪ ಗಟ್ಟಿನೇ ಇದೆ ಶೆಟ್ರೇ. ಇರಬಾರದಿತ್ತು."

"ನಮ್ಮಲ್ಲಿ ಗಟ್ಟಿ ಅಂದ್ರೆ ಒಂದನೇ ದರ್ಜೆ," ಎಂದು ಅಪ್ಪ ಮೆಲ್ಲಗೆ ಗುಂಡಿ ಹಾಕಿಕೊಂಡರು.

ಕೊಬ್ಬು ಕರಗೀತು, ಆದರೆ ಅದು ಒಳಗೆ ಗಾಯ ಒಣಗಿದಂಥ ಗಟ್ಟಿ ಕಲೆ ಬಿಟ್ಟಿದ್ದರೆ, ಆ ಕಲೆ ಬಹಳ ಬೆಳೆದಿದ್ದರೆ, ಹಿಂದಿರುಗುವ ದಾರಿ ಕಷ್ಟ ಎಂದು ಡಾಕ್ಟರು ವಿವರಿಸಿದರು. ಬೆರಳಾಗಲಿ, ರಕ್ತಪರೀಕ್ಷೆಯಾಗಲಿ, ಹೊಸದಾಗಿ ಬಂದ ಸ್ಕ್ಯಾನಾಗಲಿ ಅದನ್ನು ಖಚಿತವಾಗಿ ಹೇಳವು. ಸೂಜಿ ಚುಚ್ಚಿ ಎಳೆಯಷ್ಟು ತುಂಡು ತೆಗೆಯಬೇಕು.

"ಮೂಲೆ ಮುರಿದು ನೋಡ್ತೀರಿ ಅನ್ನಿ," ಎಂದರು ಅಪ್ಪ. ಡಾಕ್ಟರು ನಕ್ಕರು. ಅಮ್ಮ ನಗಲಿಲ್ಲ.

ಫಲಿತಾಂಶಕ್ಕೆ ಕಾದ ವಾರದಲ್ಲಿ ನನ್ನ ದಿನಚರಿಯ ಹಾಳೆಗಳು ಖಾಲಿ. ಕೊನೆಗೆ ತಿಳಿಯಿತು: ಕಲೆ ಶುರುವಾಗಿದೆ, ಅಂಚಿನಲ್ಲಿ ಮಾತ್ರ. ಇಲ್ಲಿಗೆ ನಿಲ್ಲಿಸಬಹುದು. ನಾಲಿಗೆಗೆ ರಜೆ ಕೊಡಬೇಕು.

ಅಂದಿನಿಂದ ಅಪ್ಪ ಬೆಲ್ಲವನ್ನು ಒತ್ತಿ, ಮೂಸಿ ದರ ಹೇಳುತ್ತಾರೆ. ತೂಕ ಇಳಿದಿದೆ, ಮೊನ್ನೆ ಒತ್ತಿ ನೋಡಿದ ಡಾಕ್ಟರು ಗಟ್ಟಿತನ ಹೆಚ್ಚಾಗಿಲ್ಲ ಎಂದರು. ಆದರೆ ಪೊಟ್ಟಣ ನಿಂತುಹೋಗಿತ್ತು. ತಾವು ರುಚಿ ನೋಡದ ಬೆಲ್ಲವನ್ನು ಮಗಳಿಗೆ ಕೊಡುವುದು ಹೇಗೆಂದು ಸಂಕೋಚವಿರಬೇಕು. ಸಂಜೆ ಗೇಟು ಕಿರುಗುಟ್ಟಿದರೆ ನನ್ನ ಅಂಗೈ ತಾನೇ ಬಿಚ್ಚಿಕೊಳ್ಳುತ್ತಿತ್ತು. ಬರುತ್ತಿದ್ದದ್ದು ಅಂಗಿಯ ಆಲೆಮನೆ ವಾಸನೆ ಮಾತ್ರ.

ಈ ಗುರುವಾರ ಪೊಟ್ಟಣ ಬಂತು. ಹೊಸ ಹಂಗಾಮಿನ ಮೊದಲ ಬೆಲ್ಲ. ಅಪ್ಪ ಎದುರು ಕೂತರು. ನಾನು ಬಾಯಿಗಿಟ್ಟು ಕ್ರಮವಾಗಿ ವರದಿ ಒಪ್ಪಿಸಿದೆ: ಹೊಂಬಣ್ಣ, ಉಪ್ಪಿಲ್ಲ, ಒಂದನೇ ದರ್ಜೆ.

"ದರ್ಜೆ ನಂಗೊತ್ತು ಕಣಮ್ಮ. ಹೇಗಿದೆ ಹೇಳು."

ಅವರು ಆಗಲೇ ಕಣ್ಣು ಮುಚ್ಚಿದ್ದರು. ಮೊದಲು ಒಂದಿಷ್ಟು ಹೊಗೆ ಅಪ್ಪಾ, ಅದರ ಹಿಂದೆಯೇ ಕಬ್ಬು, ಎಂದು ನಿಧಾನವಾಗಿ ಹೇಳತೊಡಗಿದೆ. ಅವರ ಗಂಟಲು ಒಮ್ಮೆ ಏರಿ ಇಳಿಯಿತು. ಚೂರು ಕರಗಿ ಹೋದ ಮೇಲೂ ಬಹಳ ಹೊತ್ತು ನಾನು ಹೇಳುತ್ತಲೇ ಇದ್ದೆ.