ಎರಡು ತಗ್ಗಿನ ಸೀಟು

ನಮ್ಮ ಮನೆಯ ಹಿಂದಿನ ಹುಲ್ಲನ್ನು ಕಂಡರೆ ನನಗೆ ಭಯ. ಕತ್ತಲಲ್ಲಿ ಅಲ್ಲ, ಕತ್ತಲಲ್ಲಿ ಅದು ಕಾಣುವುದೇ ಇಲ್ಲ. ಬೆಳಗಿನ ಹನ್ನೊಂದು ಗಂಟೆಗೆ, ಬಿಸಿಲು ಚೆನ್ನಾಗಿ ಬಿದ್ದು, ಒಂದೊಂದು ಎಸಳೂ ಬೇರೆಬೇರೆಯಾಗಿ ಕಾಣುವಾಗ ಭಯ. ಅರವತ್ತು ದಾಟಿದ, ಔಷಧ ಕಂಪನಿಯ ಲ್ಯಾಬಿನಲ್ಲಿ ಅರ್ಧ ಆಯುಷ್ಯ ವಿಷಗಳನ್ನು ಹನಿಹನಿಯಾಗಿ ಅಳೆದ ಮನುಷ್ಯ ಹುಲ್ಲಿಗೆ ಹೆದರುತ್ತಾನೆಂದರೆ ನಿಮಗೆ ನಗು ಬರಬಹುದು. ನಗಿ. ನಾನೂ ಮೊದಮೊದಲು ನಕ್ಕಿದ್ದೇನೆ.

ಈ ದೇಶಕ್ಕೆ ಬಂದ ಮೇಲೆ ಮಾನ್ಮತ್ ಜಂಕ್ಷನ್ನಿನ ಟೌನ್‌ಹೌಸಿನಲ್ಲಿ, ಗೋಡೆಗೆ ಗೋಡೆ ಅಂಟಿದ ಸಾಲುಮನೆಯಲ್ಲಿ, ಇದ್ದಷ್ಟು ವರ್ಷ ಹುಲ್ಲು ನನ್ನ ಸಮಸ್ಯೆಯಾಗಿರಲಿಲ್ಲ. ಅದನ್ನು ನಿವಾಸಿಗಳ ಅಸೋಸಿಯೇಶನ್ನಿನವರು ಕತ್ತರಿಸುತ್ತಿದ್ದರು, ನಾನು ಕಿಟಕಿ ಮುಚ್ಚಿಕೊಂಡು ಸದ್ದನ್ನು ಬೈಯುತ್ತಿದ್ದೆ. ರಿಟೈರ್ ಆದ ಮೇಲೆ ತಲೆ ಕೆಟ್ಟಿತು. ಪಶ್ಚಿಮಕ್ಕೆ ಮುಕ್ಕಾಲು ಗಂಟೆ ಡ್ರೈವ್ ಮಾಡಿದರೆ ಸಿಗುವ ಗುಡ್ಡದ ಸೀಮೆಯಲ್ಲಿ, ಹಿತ್ತಲು ಇಳಿದುಕೊಂಡು ಹೋಗಿ ಒಂದು ಸಣ್ಣ ಹಳ್ಳಕ್ಕೆ ಮುಟ್ಟುವ ಹಳೆಯ ಮನೆಯೊಂದನ್ನು ಕೊಂಡೆ. ನನ್ನ ಹೆಂಡತಿ ಶಾಹೀನಾ ಮೈಸೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದವಳು. ಹಿತ್ತಲನ್ನು ನೋಡಿ ಒಂದೇ ಮಾತು ಹೇಳಿದಳು: "ರೀ, ಇದು ಹಿತ್ತಲಲ್ಲ, ಜಾರುಬಂಡೆ."

ಮನೆ ಮಾರಿದಾಕೆ ಇಲೇನ್ ಎಂಬ ಎಂಬತ್ತರ ಸಮೀಪದ ವಿಧವೆ. ಮೆಟುಚೆನ್ ಪಟ್ಟಣದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರದ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಳು. ಮನೆಯ ಜೊತೆಗೇ ಶೆಡ್ಡಿನಲ್ಲಿದ್ದ ಪುಟ್ಟ ಟ್ರ್ಯಾಕ್ಟರನ್ನೂ ಬಿಟ್ಟುಕೊಟ್ಟಳು. ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡುಗಳಿರುವ, ನಮ್ಮ ಕಡೆಯ ಟ್ರ್ಯಾಕ್ಟರಿನ ಅರ್ಧದಷ್ಟೂ ಇಲ್ಲದ ಯಂತ್ರ. ಬೀಗದ ಕೈ ಕೊಡುವಾಗ ಅವಳು ನನ್ನ ಮಣಿಕಟ್ಟನ್ನು ಹಿಡಿದು, "ಇಳಿಜಾರಿನಲ್ಲಿ ಅಡ್ಡ ಹೋಗಬೇಡ. ಮೇಲೆ ಕೆಳಗೆ ಮಾತ್ರ," ಎಂದಳು. ಇಂಗ್ಲಿಷಿನಲ್ಲಿ ಹೇಳಿದ್ದು, ಆದರೆ ಹಿಡಿತಕ್ಕೆ ಭಾಷೆ ಬೇಕಿರಲಿಲ್ಲ. ವಯಸ್ಸಾದವರು ಗ್ಯಾಸ್ ಆರಿಸಿದೆಯಾ ಎಂದು ಹತ್ತು ಸಲ ಕೇಳುತ್ತಾರಲ್ಲ, ಅಂಥದ್ದು ಎಂದುಕೊಂಡು ತಲೆಯಾಡಿಸಿದೆ.

ಮೊದಲ ದಿನವೇ ಅಡ್ಡ ಹೋದೆ. ಕಾರಣ ನಾಚಿಕೆಗೇಡಿನದು. ಅಡ್ಡಡ್ಡ ಕತ್ತರಿಸಿದರೆ ಹುಲ್ಲಿನ ಮೇಲೆ ಪಟ್ಟೆಪಟ್ಟೆಯಾಗಿ ಗೆರೆಗಳು ಬೀಳುತ್ತವೆ, ಮನೆಯಿಂದ ನೋಡಲು ಚೆನ್ನ. ಮೇಲೆ ಕೆಳಗೆ ಹೋದರೆ ಆ ಅಂದ ಇಲ್ಲ.

ಹತ್ತಿ ಕೂತಾಗ ಸೀಟನ್ನು ಗಮನಿಸಿದೆ. ಅದರಲ್ಲಿ ಎರಡು ತಗ್ಗುಗಳಿದ್ದವು. ಎಡಕ್ಕೊಂದು, ಬಲಕ್ಕೊಂದು, ನಡುವೆ ಸಣ್ಣ ದಿಣ್ಣೆ. ಒಬ್ಬರು ಕೂರುವ ಸೀಟಿನಲ್ಲಿ ಇಬ್ಬರು ಬಹುಕಾಲ ಒತ್ತೊತ್ತಾಗಿ ಕೂತು ಎದ್ದು ಹೋದ ಹಾಗೆ. ದಿಣ್ಣೆಯ ಮೇಲೆ ಕೂರುವುದು ಕಷ್ಟವಾಗಿತ್ತು. ಆದರೆ ಇಳಿಜಾರಿನಲ್ಲಿ ಅಡ್ಡ ತಿರುಗಿದ ಕೂಡಲೇ ನನ್ನ ಮೈ ತಾನಾಗಿ ಮೇಲಿನ ಬದಿಯ ತಗ್ಗಿಗೆ ಸರಿದು ಕೂತಿತು. ಕೊನೆಯಲ್ಲಿ ತಿರುಗಿಸಿಕೊಂಡು ವಾಪಸ್ ಬರುವಾಗ ಇನ್ನೊಂದು ತಗ್ಗಿಗೆ. ಆಗ ಅರ್ಥವಾಯಿತು. ಇಬ್ಬರಲ್ಲ, ಒಬ್ಬನೇ. ಹೋಗುವಾಗ ಗುಡ್ಡದ ಕಡೆಗೆ ವಾಲಿ, ಬರುವಾಗ ಮತ್ತೆ ಗುಡ್ಡದ ಕಡೆಗೆ ವಾಲಿ, ಎಷ್ಟೋ ವರ್ಷ ಒಬ್ಬ ಮನುಷ್ಯ ತನ್ನ ಹೆದರಿಕೆಯ ಮೇಲೆಯೇ ಕೂತಿದ್ದ. ಆ ಹೆದರಿಕೆಯ ಅಚ್ಚು ನನಗೆ ಅಳತೆ ಕೊಟ್ಟು ಹೊಲಿಸಿದಷ್ಟು ಸರಿಯಾಗಿತ್ತು.

ಭಾಷೆಯ ಬಗ್ಗೆ ಒಂದು ಮಾತು. ಇಳಿಜಾರು ಎಂಬ ಪದವನ್ನು ಬಿಡಿಸಿ ನೋಡಿ: ಇಳಿ, ಜಾರು. ಎಚ್ಚರಿಕೆಯ ಫಲಕವನ್ನು ಪದದೊಳಗೇ ನೆಟ್ಟಿದ್ದಾರೆ ನಮ್ಮವರು. ಅದೇ ನೆಲ ಹತ್ತುವವನಿಗೆ ಏರು, ಇಳಿಯುವವನಿಗೆ ಇಳಿಜಾರು. ಅಡ್ಡ ಹೋಗುವವನಿಗೆ? ತುಂಬ ಯೋಚಿಸಿದೆ, ನನಗೆ ಪದ ಸಿಗಲಿಲ್ಲ. ಹೇಳಿಹೋಗಲು ಯಾರೂ ಉಳಿದಿರಲಿಲ್ಲವೇನೋ.

ಆ ಬೇಸಿಗೆಯೆಲ್ಲ ವಾರಕ್ಕೊಮ್ಮೆ ಕತ್ತರಿಸಿದೆ. ಇಳಿಜಾರಿನ ನಡುವೆ, ಹಳ್ಳಕ್ಕಿಂತ ಸ್ವಲ್ಪ ಮೇಲೆ, ಒಂದು ಪಟ್ಟಿಯಲ್ಲಿ ಮಾತ್ರ ಹುಲ್ಲು ಬೇರೆ ಕಡೆಗಿಂತ ದಟ್ಟ, ಬಣ್ಣವೂ ಒಂದು ಛಾಯೆ ಕಪ್ಪು. ಕಣ್ಣಿಗೆ ಅಲ್ಲಿ ನೆಲ ಹೆಚ್ಚು ಕಡಿದಾಗಿಯೇನೂ ಕಾಣುತ್ತಿರಲಿಲ್ಲ. ಆದರೂ ಅಲ್ಲಿಗೆ ಬಂದಾಗಲೆಲ್ಲ ಮೇಲಿನ ಬದಿಯ ಹಿಂದಿನ ಚಕ್ರ ಹಗುರವಾಗುತ್ತಿತ್ತು. ಸೀಟಿನ ಮೂಲಕ ಅದು ಗೊತ್ತಾಗುತ್ತದೆ. ನಿಂತ ಮನುಷ್ಯನೊಬ್ಬ ಹಿಮ್ಮಡಿ ಎತ್ತಿದ ಹಾಗೆ. ಇಂಜಿನ್ನಿನ ಸದ್ದಿನೊಳಗೇ ಒಂದು ನಿಶ್ಶಬ್ದ ಬರುತ್ತಿತ್ತು. ಆ ಪಟ್ಟಿ ದಾಟಿದ ಮೇಲೆ ನೋಡಿಕೊಂಡರೆ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ.

ಆಗಸ್ಟಿನ ಒಂದು ದಿನ ಒಳಗೆ ಬಂದಾಗ ಶಾಹೀನಾ ಅಡುಗೆಮನೆಯ ಕಿಟಕಿಯ ಹತ್ತಿರ ಕೈಯೊರೆಸಿಕೊಳ್ಳದೆ ನಿಂತಿದ್ದಳು.

"ಈಗ ಹುಲ್ಲು ಕತ್ತರಿಸ್ತಾ ಇದ್ದಿದ್ದು ನೀವೇನಾ?"

"ಮತ್ತಿನ್ಯಾರು?"

"ಅಲ್ಲ, ಹಿಂದಿಂದ ನೋಡ್ದೆ. ಯಾರೋ ಮುದುಕ ಕೂತ ಹಾಗಿತ್ತು. ಭುಜ ಒಂದು ಕಡೆ ಎತ್ತಿ, ತಲೆ ಹೀಗೆ ಮಾಡಿ." ಅವಳು ತಲೆಯನ್ನು ವಾಲಿಸಿ ತೋರಿಸಿದಳು. "ನೀವು ಹಂಗೆ ಕೂರಲ್ಲ. ಇಷ್ಟು ವರ್ಷ ನೋಡಿದೀನಿ, ನೀವು ಹಂಗೆ ಕೂರೋದೇ ಇಲ್ಲ. ಕೂಗೋಣ ಅಂತ ಬಾಗಿಲವರೆಗೆ ಬಂದೆ, ಯಾವ ಹೆಸರು ಕೂಗ್ಲಿ ಅಂತ ಗೊತ್ತಾಗ್ಲಿಲ್ಲ."

ನಾನು ಸೀಟಿನ ವಿಚಾರ ವಿವರಿಸಿದೆ. ತಗ್ಗು, ದಿಣ್ಣೆ, ಭಾರ. ಅವಳು ಪೂರ್ತಿ ಕೇಳಿ, "ಸರಿ, ಆದ್ರೆ ಇನ್ಮೇಲೆ ಹೋಗುವಾಗ ಆ ಕೆಂಪು ಟೋಪಿ ಹಾಕ್ಕೊಂಡ್ಹೋಗಿ," ಎಂದಳು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ, ರಾತ್ರಿಯ ಮಳೆಯ ಒದ್ದೆ ಇನ್ನೂ ಆರುವ ಮೊದಲೇ ಕತ್ತರಿಸಲು ಹೋದೆ. ಕೆಂಪು ಟೋಪಿ ಹಾಕಿಕೊಂಡು, ಅಡ್ಡಡ್ಡವಾಗಿಯೇ. ಆ ದಟ್ಟ ಹುಲ್ಲಿನ ಪಟ್ಟಿಯಲ್ಲಿ ಕೆಳಬದಿಯ ಚಕ್ರ ಹೆಗ್ಗಣದಂಥ ಗ್ರೌಂಡ್‌ಹಾಗ್ ಪ್ರಾಣಿ ತೋಡಿದ ಬಿಲದೊಳಗೆ ಧಪ್ಪನೆ ಇಳಿಯಿತು. ಮೇಲಿನ ಬದಿ ಎದ್ದಿತು. ಹಗುರವಾದದ್ದಲ್ಲ, ನಿಜವಾಗಿ ಎದ್ದಿತು. ಎರಡೇ ಚಕ್ರದ ಮೇಲೆ ಟ್ರ್ಯಾಕ್ಟರು ತೂಗಿದಾಗ ಹಳ್ಳದ ನೀರು ನನ್ನ ಕೈಗೆಟಕುವಷ್ಟು ಹತ್ತಿರ ಕಂಡಿತು. ಆಗ ಯಾರೇ ಆದರೂ ಮಾಡುವುದು ಸ್ಟಿಯರಿಂಗನ್ನು ಗುಡ್ಡದ ಕಡೆಗೆ ತಿರುಗಿಸುವುದು. ಮಾಡಬಾರದ್ದೂ ಅದನ್ನೇ, ತಿರುಗಿಸಿದರೆ ಮಗುಚುವುದು ಖಂಡಿತ. ಇದು ನನಗೆ ಆ ದಿನ ಗೊತ್ತಿರಲಿಲ್ಲ. ಆದರೂ ನನ್ನ ಕೈಗಳು ಸ್ಟಿಯರಿಂಗನ್ನು ಕೆಳಕ್ಕೆ, ಹಳ್ಳದ ಕಡೆಗೆ ತಿರುಗಿಸಿದವು. ಎದ್ದ ಚಕ್ರ ನೆಲಕ್ಕೆ ಬಿತ್ತು, ಟ್ರ್ಯಾಕ್ಟರು ನೇರ ಕೆಳಗೆ ಓಡಿ ಹಳ್ಳದ ಕೆಸರಿನಲ್ಲಿ ಮೂಗು ಹೂತುಕೊಂಡು ನಿಂತಿತು.

ಶಾಹೀನಾ ಬರಿಗಾಲಲ್ಲಿ ಓಡಿ ಬಂದಳು. ನನ್ನ ಎರಡು ಕಿವಿಗಳನ್ನೂ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದಳು. ನಾನೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವಂತೆ.

ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಮೆಟುಚೆನ್ನಿಗೆ ಹೋದೆ.

ಇಲೇನ್ ಬಾಗಿಲು ತೆರೆದು ನನ್ನನ್ನು ಒಮ್ಮೆ ನೋಡಿ, "ಅಡ್ಡ ಹೋದೆ," ಎಂದಳು. ಪ್ರಶ್ನೆಯಲ್ಲ. ಕೂರಿಸಿ ಚಹಾ ಕೊಟ್ಟಳು. ಕೆಳಗೆ ರೈಲು ಹೋದಾಗಲೆಲ್ಲ ಸಾಸರಿನ ಮೇಲೆ ಕಪ್ ಸಣ್ಣಗೆ ನಡುಗುತ್ತಿತ್ತು. ಅವಳ ಗಂಡನ ಹೆಸರು ರೇ. ಸ್ಕೂಲ್ ಬಸ್ ಓಡಿಸುತ್ತಿದ್ದವನಂತೆ. ರಸ್ತೆಯಲ್ಲಿ ಮಹಾ ಜಾಗ್ರತೆಯ ಮನುಷ್ಯ.

"ಆ ಗೆರೆಗಳು ನನಗೆ ಇಷ್ಟ," ಎಂದಳು. "ಮದುವೆಯಾದ ಹೊಸತರಲ್ಲಿ ಒಂದು ಸಲ ಹೇಳಿದ್ದೆ, ಕಿಟಕಿಯಿಂದ ಚೆನ್ನಾಗಿ ಕಾಣುತ್ತೆ ಅಂತ. ಒಂದೇ ಸಲ. ಆಮೇಲೆ ಅವನು ಬೇರೆ ಥರ ಕತ್ತರಿಸಲೇ ಇಲ್ಲ. ಅವನಿಗೆ ಹೆದರಿಕೆ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಆ ಸೀಟು ನೋಡಿದ ಮೇಲೆ ಗೊತ್ತಾಯಿತು."

ಅವನ ಕೊನೆಯ ದಿನ ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಒಲೆಯ ಮೇಲೆ ಕೆಟಲ್ ಕೂಗಿತು. ಆರಿಸಿ ತಿರುಗಿದಾಗ, ಅವನಿದ್ದ ಹಳ್ಳದ ಮೇಲಿನ ಆ ಪಟ್ಟಿಯಲ್ಲಿ ಹುಲ್ಲು ಮಾತ್ರ ಇತ್ತು. ಇಂಜಿನ್ನಿನ ಸದ್ದು ಮಾತ್ರ ಇನ್ನೂ ಕೇಳುತ್ತಲೇ ಇತ್ತು. ಅವನು ಇನ್ನೂ ಕತ್ತರಿಸುತ್ತಿದ್ದಾನೆ, ತಗ್ಗಿನಲ್ಲಿದ್ದಾನೆ, ಕಾಣುತ್ತಿಲ್ಲ ಅಷ್ಟೆ ಎಂದುಕೊಂಡು ಅವಳು ಎರಡು ಕಪ್ ಚಹಾ ಮಾಡಿದಳಂತೆ.



"ಟ್ರ್ಯಾಕ್ಟರ್ ರಿಪೇರಿ ಮಾಡಿಸಿದೆ," ಎಂದಳು. "ಆಗ ಅದಕ್ಕೆ ಕಾವಲು ಕಂಬಿ ಇರಲಿಲ್ಲ. ಹೊಸದು ಹಾಕಿಸಿದೆ."

"ಯಾರಿಗಾಗಿ? ನೀವು ಓಡಿಸುತ್ತಿರಲಿಲ್ಲವಲ್ಲ?"

"ಮುಂದೆ ಯಾರು ಬರುತ್ತಾರೋ ಅವರಿಗೆ." ಅವಳು ನನ್ನನ್ನೇ ನೋಡುತ್ತಿದ್ದಳು. "ಕಂಬಿ ಎತ್ತಿಯೇ ಓಡಿಸುತ್ತೀಯ ತಾನೆ?"

ಚಾಲಕನ ಬೆನ್ನ ಹಿಂದೆ ಎತ್ತರಕ್ಕೆ ನಿಲ್ಲುವ ಆ ಕಬ್ಬಿಣದ ಕಮಾನು, ಟ್ರ್ಯಾಕ್ಟರು ಮಗುಚಿದರೂ ಮನುಷ್ಯ ಅಡಿಗೆ ಸಿಗದಂತೆ ಕಾಯುವುದಕ್ಕೆ ಇರುವುದು. ಶೆಡ್ಡಿನ ಬಾಗಿಲು ಗಿಡ್ಡ ಎಂಬ ಕಾರಣಕ್ಕೆ ಅದನ್ನು ಮೊದಲ ದಿನದಿಂದಲೂ ಮಡಚಿಯೇ ಇಟ್ಟಿದ್ದೆ. ಸೀಟ್ ಬೆಲ್ಟನ್ನು ಮುಟ್ಟಿಯೂ ಇರಲಿಲ್ಲ. ಗುರುತಿಲ್ಲದ ನನಗಾಗಿ ಈ ಹೆಂಗಸು ಗಂಡನನ್ನು ಕೊಂದ ಯಂತ್ರಕ್ಕೆ ಕಾವಲು ಕಟ್ಟಿಸಿದ್ದಳು. "ಹೌದು, ಎತ್ತಿಯೇ," ಎಂದು ಸುಳ್ಳು ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಬೇಗ ನಿಜ ಮಾಡಬೇಕೆನಿಸಿದ ಸುಳ್ಳು ಇನ್ನೊಂದಿಲ್ಲ.

ಹೊರಡುವಾಗ ಸೀಟು ಬದಲಾಯಿಸಲೇ ಎಂದು ಕೇಳಿದೆ. ಅವಳು ಬಾಗಿಲಿನ ಹಿಡಿಕೆಯನ್ನು ಸವರುತ್ತಾ, "ನನಗೆ ಮನಸ್ಸು ಬರಲಿಲ್ಲ. ನೀನು ಬದಲಾಯಿಸು. ನನಗೆ ಹೇಳಬೇಡ," ಎಂದಳು.

ಮರುದಿನವೇ ಹೆನ್ರಿಗೆ ಫೋನ್ ಮಾಡಿದೆ. ಹೆನ್ರಿ ಮಂಗಳೂರಿನವನು, ಮಾನ್ಮತ್ ಜಂಕ್ಷನ್ನಿನಲ್ಲಿ ನಮ್ಮ ಹಳೆಯ ಪಕ್ಕದ ಮನೆಯವನು, ಯಂತ್ರಗಳ ವಿಷಯದಲ್ಲಿ ಪಾದ್ರಿಗಳಷ್ಟು ಕಟ್ಟುನಿಟ್ಟು. ಬಂದವನು ಫೋನನ್ನು ನೆಲಕ್ಕೆ ಹಿಡಿದು ಇಳಿಜಾರಿನ ಕೋನ ಅಳೆದ, ಮಡಚಿದ ಕಂಬಿ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಎಂತ ಮಾರಾಯ್ರೆ, ನೀವು ಕೆಮಿಸ್ಟ್ ಅಂತ ಹೇಳ್ಕೊಂಡು ತಿರುಗುವುದಲ್ವಾ? ಸೆಂಟರ್ ಆಫ್ ಗ್ರಾವಿಟಿ ಅಂತ ಒಂದು ಉಂಟು, ಶಾಲೆಯಲ್ಲಿ ಕಲಿಸ್ಲಿಲ್ವಾ ನಿಮಗೆ?"

ಎರಡು ಶನಿವಾರ ಇಬ್ಬರೂ ಕೆಲಸ ಮಾಡಿದೆವು. ಹಿಂದಿನ ಚಕ್ರಗಳನ್ನು ಕಳಚಿ, ತಿರುವಿ ಹಾಕಿ, ನಡುವಿನ ಅಂತರ ಹೆಚ್ಚುವಂತೆ ಕೂರಿಸಿದೆವು. ಕಾಲು ಅಗಲಿಸಿ ನಿಂತವನನ್ನು ತಳ್ಳುವುದು ಕಷ್ಟ, ಅದೇ ಲೆಕ್ಕ. ಟೈರುಗಳೊಳಗೆ ಬೀಟ್ ಗೆಡ್ಡೆಯ ರಸ ತುಂಬಿಸಿದೆವು. ತಮಾಷೆಯಲ್ಲ, ಇಲ್ಲಿ ಅದೇ ಪದ್ಧತಿ. ನೀರಿಗಿಂತ ಭಾರ, ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ, ಭಾರವೆಲ್ಲ ನೆಲದ ಹತ್ತಿರ ಉಳಿಯುತ್ತದೆ. ಶೆಡ್ಡಿನ ಬಾಗಿಲನ್ನು ಕೊಯ್ದು ಎತ್ತರ ಮಾಡಿ, ಕಂಬಿಯನ್ನು ಎತ್ತಿ, ಮತ್ತೆ ಮಡಚಲಾಗದಂತೆ ಬೋಲ್ಟ್ ಬಿಗಿದೆವು. ಕಂಬಿ ಎತ್ತಿದ್ದಾಗ ಬೆಲ್ಟ್ ಹಾಕಿಕೊಳ್ಳಲೇಬೇಕು ಎಂದು ಹೆನ್ರಿ ನನ್ನಿಂದ ಮೂರು ಸಲ ಹೇಳಿಸಿದ. ಹೋಗುವ ದಾರಿಯೂ ಬದಲಾಯಿತು. ಹುಲ್ಲು ಒಣಗಿದ ಮೇಲೆ, ರಿವರ್ಸಿನಲ್ಲಿ ಮೆಲ್ಲಗೆ ಏರಿ, ಕತ್ತರಿಸುತ್ತಾ ನೇರ ಇಳಿಯುವುದು. ಆ ದಟ್ಟ ಹುಲ್ಲಿನ ಪಟ್ಟಿಯನ್ನು ಅಳೆದಾಗ ಫೋನ್ ತೋರಿಸಿದ ಅಂಕಿ ನೋಡಿ ಹೆನ್ರಿ, "ಇಲ್ಲಿ ಯಾರೂ ಬರುವುದೇ ಬೇಡ, ಬಿಟ್ಟುಬಿಡಿ," ಎಂದ. ಕಣ್ಣಿಗೆ ಕಾಣದಿದ್ದ ಕಡಿದಾದ ಇಳುಕಲು ಅಲ್ಲಿ ಇತ್ತು.

ಅಂದರೆ ಎಲ್ಲಕ್ಕೂ ವಿವರಣೆ ಇದೆ. ನನ್ನ ಕೈಗಳ ವಿಚಾರಕ್ಕೂ ಹೆನ್ರಿ ಒಂದು ಕೊಟ್ಟ. ಮೈ ಕೆಳಕ್ಕೆ ಎಸೆಯಲ್ಪಟ್ಟಾಗ ಸ್ಟಿಯರಿಂಗಿಗೆ ಜೋತುಬಿದ್ದೆ, ನನ್ನ ಭಾರಕ್ಕೇ ಅದು ಕೆಳಕ್ಕೆ ತಿರುಗಿತು. ಸರಿಯಾಗಿಯೇ ಇದೆ. ಒಂದೇ ತೊಡಕು: ನಾನು ಕೆಳಕ್ಕೆ ಎಸೆಯಲ್ಪಟ್ಟಿರಲಿಲ್ಲ. ಮೇಲಿನ ಬದಿಯ ತಗ್ಗಿನಲ್ಲೇ, ಯಾರೋ ಸೊಂಟ ಹಿಡಿದು ಕೂರಿಸಿದ ಹಾಗೆ, ಗಟ್ಟಿಯಾಗಿ ಕೂತಿದ್ದೆ. ಇದನ್ನು ಹೆನ್ರಿಗೆ ಹೇಳಲಿಲ್ಲ. ಹೊಸ ಸೀಟು ಬಂದಾಗ ಹಳೆಯದನ್ನು ಅವನು ಕಸದ ಬಂಡಿಗೆ ಎತ್ತಿ ಹಾಕುತ್ತಿದ್ದ. ನಾನು ಬೇಡವೆಂದು ಶೆಡ್ಡಿನ ಮೂಲೆಯಲ್ಲಿಟ್ಟೆ. ಶಾಹೀನಾ ಅದರ ಮೇಲೊಂದು ಹಳೆಯ ಬೆಡ್‌ಶೀಟ್ ಮುಚ್ಚಿದಳು.

ಈ ವರ್ಷ ಆ ಪಟ್ಟಿಯನ್ನು ಕತ್ತರಿಸಲಿಲ್ಲ. ಜುಲೈ ಹೊತ್ತಿಗೆ ಹುಲ್ಲು ಎದೆಯೆತ್ತರ ಬೆಳೆಯಿತು. ಯಾರು ದೂರಿದರೋ, ಟೌನ್‌ಶಿಪ್ ಕಚೇರಿಯಿಂದ, ನಮ್ಮ ಕಡೆಯ ಪಂಚಾಯಿತಿ ಇದ್ದ ಹಾಗೆ, ಪರಿಶೀಲನೆಗೆ ಒಬ್ಬ ತರುಣಿ ಕ್ಲಿಪ್‌ಬೋರ್ಡ್ ಹಿಡಿದು ಬಂದಳು. ಹುಲ್ಲನ್ನು ಇಷ್ಟು ಬೆಳೆಸುವಂತಿಲ್ಲ ಎಂದಳು.

"ಅಲ್ಲಿ ಇಳಿಜಾರು ತುಂಬ ಕಡಿದು," ಎಂದೆ.

"ಅಷ್ಟೇನೂ ಕಾಣಿಸುವುದಿಲ್ಲವಲ್ಲ," ಎನ್ನುತ್ತಾ ಅಳತೆಪಟ್ಟಿ ಬಿಚ್ಚಿಕೊಂಡು ಅವಳೇ ಇಳಿದು ಹೋದಳು. ಹುಲ್ಲು ಅವಳ ಸೊಂಟಕ್ಕೆ, ಆಮೇಲೆ ಭುಜಕ್ಕೆ ಬಂತು. ನಡುವೆ ಹೋಗಿ ನಿಂತಳು. ಗಾಳಿ ಇರಲಿಲ್ಲ. ಯಾರೋ ಮಾತಾಡಿಸಿದ ಹಾಗೆ ಅವಳು ಪಕ್ಕಕ್ಕೆ ತಿರುಗಿ, ಒಂದು ಕ್ಷಣ ತಲೆ ವಾಲಿಸಿ ಕೇಳಿಸಿಕೊಂಡಳು. ಅನಂತರ ಅಡ್ಡ ಬರದೆ, ನೇರ ಮೇಲಕ್ಕೆ, ಸ್ವಲ್ಪ ಬೇಗಬೇಗನೆ ಹತ್ತಿ ಬಂದಳು. ಆ ಸುಡುಬಿಸಿಲಿನಲ್ಲಿ ತೋಳುಗಳನ್ನು ಉಜ್ಜಿಕೊಳ್ಳುತ್ತಿದ್ದಳು.

ಕಾಗದದ ಮೇಲೆ ಏನೋ ಗೀಚಿ, ಪ್ರತಿಯನ್ನು ಹರಿದು ನನ್ನ ಕೈಗಿಟ್ಟು ಹೊರಟುಹೋದಳು. ಕನ್ನಡಕ ಹಾಕಿಕೊಂಡು ಓದಿದೆ. ನಿಯಮದಿಂದ ವಿನಾಯಿತಿ ಎಂದಿತ್ತು. ಕಾರಣ ಎಂಬ ಜಾಗದಲ್ಲಿ, ಸರಕಾರಿ ಕಾಗದದಲ್ಲಿ ನಾನು ಹಿಂದೆಂದೂ ಕಾಣದ ಸೌಜನ್ಯದಿಂದ, ಬರೆದಿದ್ದಳು: "ಜಾಗ ಬಳಕೆಯಲ್ಲಿದೆ."